ಯಜಮಾನಿಯ ಸರದಿ

ಒಂದು ಬಿಳಿಯ ಹೊಳೆಯಿತ್ತಂತೆ. ನಾಲ್ಕು ಬಾಗಿಲಿನ ಅರಮನೆಯೊಂದರಿಂದ ಬೆಳಗೂ ಬೈಗೂ ಉಕ್ಕಿ ಹರಿಯುತ್ತಿತ್ತಂತೆ. ಒಂದು ದಿನ ಕಣ್ಣಿಗೆ ಕಾಣದ ಕಳ್ಳನೊಬ್ಬ ಆ ಅರಮನೆಯೊಳಗೆ ಹೊಕ್ಕು ಕೂತನಂತೆ. ಹೊಳೆ ಒಡೆದು ಗಡ್ಡೆ ಗಡ್ಡೆಯಾಯಿತಂತೆ. ಕಳ್ಳ ಯಾರ ಮನೆಯಲ್ಲಿ ಅಡಗಿದ್ದಾನೆಂದು ಹುಡುಕಿ ಎಲ್ಲರೆದುರು ಹೇಳುವ ಕೆಲಸವನ್ನು ಒಬ್ಬ ಹುಡುಗಿಗೆ ಒಪ್ಪಿಸಿದರಂತೆ. ಆಕಾಶ ನೋಡುತ್ತ ನಡೆದು ಎಡವುವ ಹುಡುಗಿ ಅವಳು. ಆದರೂ ಹೂಂ ಅಂದಳಂತೆ.

ಹಾಗೆ ಹೂಂ ಅಂದವಳು ಈಗ ಹಾಲಿನ ಪರೀಕ್ಷೆಯ ಕೋಣೆಯಲ್ಲಿ, ಶಾಖದ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು, ತೆರೆಯದೆ ನಿಂತಿದ್ದಳು. ಪೆಟ್ಟಿಗೆ ಒಳಗೊಳಗೇ ಗುಂಯ್ ಎನ್ನುತ್ತಿತ್ತು. ಅದರ ತಗಡಿನ ಮೈ ಜ್ವರ ಬಿಟ್ಟ ಮಗುವಿನ ಮೈಯಷ್ಟೇ ಬೆಚ್ಚಗಿತ್ತು. ಕತೆಯಾಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಅಜ್ಜಿಯ ಕತೆಗಳಲ್ಲಿ ಕಳ್ಳ ಯಾವಾಗಲೂ ಆಚೆ ಕಾಡಿನವನು, ಹೊಳೆಯಾಚೆಯವನು, ಮುಖಕ್ಕೆ ಮಸಿ ಬಳಿದುಕೊಂಡವನು. ಒಮ್ಮೆಯಾದರೂ ಅವನು ಅದೇ ಮನೆಯ ಅಡುಗೆಮನೆಯಿಂದ ಎದ್ದು ಬಂದವನಲ್ಲ. ಬಾಗಿಲು ತೆರೆದಳು. ಬೇಯಿಸಿದ ರಕ್ತದ, ಹುದುಗು ಬಂದ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಹಾಲಿನ ರೋಗಾಣು ಬೆಳೆಸಲು ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಕೆಂಪು ತಟ್ಟೆಗಳು ಒಂದರ ಮೇಲೊಂದು ಮಗುಚಿ ಕೂತಿದ್ದವು. ಒಂದೊಂದು ತಟ್ಟೆಯೂ ಒಂದೊಂದು ಹಸು. ತಟ್ಟೆಯ ಬೆನ್ನಿಗೆ ಮಸಿಯಿಂದ ಎಳೆದ ನಾಲ್ಕು ಪಾಲುಗಳು ಕೆಚ್ಚಲಿನ ನಾಲ್ಕು ಪಾಲುಗಳು. ನಿನ್ನೆ ಸಂಜೆ ಅವುಗಳಲ್ಲಿ ಕಂಡ ಮಸುಕು ಚುಕ್ಕಿಗಳು ಒಂದು ರಾತ್ರಿಯಲ್ಲಿ ಮೈತುಂಬಿಕೊಂಡು ಹೊಂಬಣ್ಣಕ್ಕೆ ತಿರುಗಿದ್ದವು. ಒಂದೊಂದು ಚುಕ್ಕಿಯ ಸುತ್ತಲೂ ರಕ್ತ ಕರಗಿ ತಿಳಿಯಾಗಿ, ದೀಪಕ್ಕೆ ಹಿಡಿದರೆ ಚಂದ್ರನ ಸುತ್ತಲಿನ ಉಂಗುರದಂತೆ ಕಾಣುತ್ತಿತ್ತು. ಚಂದ ಎನಿಸಿತು. ಚಂದ ಎನಿಸಿದ್ದಕ್ಕೆ ನಾಚಿಕೆಯಾಯಿತು.

ಕೊಟ್ಟಿಗೆಯ ಹಿರಿಯ ಹಸು ಯಜಮಾನಿಯ ಹಿಂದಿನ ಎಡ ಪಾಲಿನಲ್ಲಿ ಹೊಂಬಣ್ಣ. ಅವಳ ಪಕ್ಕದಲ್ಲಿ ಕಟ್ಟುವ ಮೂರು ಹಸುಗಳಲ್ಲಿ ಒಂದೊಂದು ಪಾಲು ಹೊಂಬಣ್ಣ. ಕೆಚ್ಚಲು ಒರೆಸುವ ಬಟ್ಟೆಯ ತಟ್ಟೆಯಲ್ಲಿ ಹೊಂಬಣ್ಣ, ಇನ್ನೂ ಏನೇನೋ. ಎಲ್ಲರೂ ಬೆರಳು ಮಾಡುತ್ತಿದ್ದ, ಕೊಟ್ಟಿಗೆಗೆ ಈಚೆಗೆ ಬಂದ ಹಸು ಹೊಸಬಳ ತಟ್ಟೆಯಲ್ಲಿ ಮೂರು ಪಾಲು ಖಾಲಿ. ನಾಲ್ಕನೆಯದರಲ್ಲಿ ಬೂದುಬಣ್ಣದ, ಒದ್ದೆಯೊದ್ದೆಯಾದ ಬೇರೆಯೇ ಜಾತಿಯ ಬೆಳೆ. ಅದು ಸಗಣಿಯಲ್ಲಿ, ನೆನೆದ ಹುಲ್ಲಿನಲ್ಲಿ ಇರುವ ಇ ಕೊಲೈ ಎಂಬ ರೋಗಾಣು. ಮಲಗಿದಾಗ ಮೊಲೆಗೆ ತಾಕಿ ಒಳಗೆ ಹೋಗುತ್ತದೆ, ಒಂದೆರಡು ದಿನ ಕೆಚ್ಚಲನ್ನು ಕೆಂಡ ಮಾಡಿ, ಹಸು ಗಟ್ಟಿಯಾಗಿದ್ದರೆ ಹೊರಟುಹೋಗುತ್ತದೆ. ಸಿಡುಕಿನ ನೆಂಟನ ಹಾಗೆ. ಹೊಂಬಣ್ಣದ್ದು ಹಾಗಲ್ಲ. ಅದರ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್, ಅದು ಗದ್ದಲ ಮಾಡುವುದಿಲ್ಲ. ಕೆಚ್ಚಲಿನ ಆಳದಲ್ಲಿ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡು ವರ್ಷಗಟ್ಟಲೆ ಇರುತ್ತದೆ, ಹೊರಗಿನಿಂದ ನೋಡಿದರೆ ಹಸು ಹಸುವಿನ ಹಾಗೇ ಇರುತ್ತದೆ, ಆಗೊಮ್ಮೆ ಈಗೊಮ್ಮೆ ಹಾಲಿನಲ್ಲಿ ಒಂದು ಎಳೆ, ಒಂದು ಗಡ್ಡೆ. ಅದು ಹುಲ್ಲಿನಿಂದ ಬರುವುದಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಒಂದು ಕೆಚ್ಚಲಿನಿಂದ ಇನ್ನೊಂದಕ್ಕೆ ಯಾರೋ ಅದನ್ನು ಒಯ್ಯಬೇಕು.

ಕೊನೆಯ ತಟ್ಟೆಯನ್ನು ಅವಳು ಮಗುಚಿ ನೋಡಲಿಲ್ಲ, ಗೊತ್ತಿತ್ತು. ಆಮೇಲೆ ನೋಡಿದಳು. ಆ ಹಸುಗಳ ಹಾಲು ಕರೆಯುವ ದೊಡ್ಡಮ್ಮನ ಬಲಗೈ ಹೆಬ್ಬೆರಳ ಗೆಣ್ಣಿನ ಬಿರುಕಿನಿಂದ ಉಜ್ಜಿ ತಂದದ್ದು ತಟ್ಟೆಯ ಉದ್ದಕ್ಕೂ ಬಿತ್ತಿದ ಸಾಲಿನಂತೆ, ಹೊನ್ನಿನ ಕಾಳಿನಂತೆ ಹುಟ್ಟಿ ನಿಂತಿತ್ತು.

ಆ ಬಿರುಕು ಅವಳಿಗೆ ಕಣ್ಣಿಗಿಂತ ಮೊದಲು ತಲೆಗೆ ಗೊತ್ತು. ಅಮ್ಮನ ಅಕ್ಕ ದೊಡ್ಡಮ್ಮ. ಅಮ್ಮ ದೂರದ ಕೆಲಸಕ್ಕೆ ಹೋದ ಮೇಲೆ ಅವಳು ಬೆಳೆದದ್ದು ದೊಡ್ಡಮ್ಮನ ಕೈಯಲ್ಲಿ, ಅಜ್ಜಿಯ ಬಾಯಲ್ಲಿ. ಬೆಳಗ್ಗೆ ಕೊಟ್ಟಿಗೆ ಮುಗಿಸಿ ಬಂದ ದೊಡ್ಡಮ್ಮ ಅವಸರದಲ್ಲಿ ಜಡೆ ಹಾಕುವಾಗ ಕೂದಲೊಂದು ಆ ಬಿರುಕಿಗೆ ಸಿಕ್ಕಿ ಚುರುಕ್ ಎನ್ನುತ್ತಿತ್ತು. ಅಯ್ಯೋ ಎಂದರೆ, ಅಳು ನುಂಗು, ಕತೆ ಎಲ್ಲಿಗೆ ಬಂತು ಹೇಳು ಎಂದು ದೊಡ್ಡಮ್ಮ ಹಿಂದಿನಿಂದ ಗದರುತ್ತಿದ್ದಳು. ಊರಲ್ಲಿ ಹಾಲು ಕರೆಯುವ ಯಂತ್ರ ಬಂದ ಮೇಲೂ ಆ ಕೊಟ್ಟಿಗೆಯ ಮಾಲೀಕ ದೊಡ್ಡಮ್ಮನನ್ನು ಬಿಟ್ಟಿರಲಿಲ್ಲ. ಒದೆಯುವ ಹಸುವೂ ಅವಳ ಕೈ ತಾಕಿದರೆ ಸೊರೆ ಬಿಟ್ಟು ಹಾಲಿಳಿಸುತ್ತಿತ್ತು. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣಿನಿಂದ ಮೊಲೆಯನ್ನು ಒತ್ತಿ ಎಳೆಯುವುದು ಅವಳ ಪಟ್ಟು. ಬೇಗ ಆಗುತ್ತದೆ, ಹನಿಯೂ ಉಳಿಯುವುದಿಲ್ಲ. ಅದರಿಂದಲೇ ಗೆಣ್ಣು ಸೀಳಿತ್ತು. ಕರೆಯುವುದಕ್ಕೊಂದು ಕ್ರಮವೂ ಇತ್ತು: ಮೊದಲು ಯಜಮಾನಿ. ಕೊಟ್ಟಿಗೆಗೆ ಬಂದ ಮೊದಲ ಹಸು, ಅರ್ಧ ಕೊಟ್ಟಿಗೆ ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು. ಹಿರಿಯಳನ್ನು ಬಿಟ್ಟು ಕಿರಿಯಳ ಕೆಳಗೆ ಕೂರುವುದು ದೊಡ್ಡಮ್ಮನಿಗೆ ಆಗದ ಮಾತು. ಯಜಮಾನಿಯಿಂದ ಶುರುವಾಗಿ ವಯಸ್ಸಿನ ಪ್ರಕಾರ ಒಬ್ಬೊಬ್ಬರಾಗಿ, ಒಂದೇ ಬಕೆಟ್ಟಿನ ನೀರು, ಒಂದೇ ಬಟ್ಟೆ, ಒಂದೇ ಕೈ. ಮರ್ಯಾದೆ ಹೋದ ದಾರಿಯಲ್ಲೇ ಕಾಯಿಲೆಯೂ ಹೋಗಿತ್ತು.

ಮೇಡಂ ಎಂದೇ ಎಲ್ಲರೂ ಕರೆಯುವ ಮುಖ್ಯಸ್ಥೆ ಕನ್ನಡಕ ಹಣೆಗೇರಿಸಿ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಹೋದ ಚಳಿಗಾಲದಲ್ಲಿ ಅವಳು ತಟ್ಟೆಗಳ ಮುಚ್ಚಳ ತೆಗೆದಿಟ್ಟು ಕಿಟಕಿಯಾಚೆ ನೋಡುತ್ತ ಮೈಮರೆತು ಇಡೀ ವಾರದ ಕೆಲಸಕ್ಕೆ ಬೂಷ್ಟು ಹಿಡಿಸಿದ್ದಳು. ಅಂದಿನಿಂದ ಕೋಣೆಯಲ್ಲಿ ಅವಳ ಹೆಸರು ಬೂಷ್ಟಮ್ಮ. ಯಾವ ತಟ್ಟೆಯಲ್ಲಿ ಏನು ಕೆಟ್ಟರೂ ಎಲ್ಲರೂ ಮೊದಲು ಅವಳತ್ತ ನೋಡಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಮನೆಗೆ ಹೋಗಿ ಮಲಗಿದ ಮೇಲೆ ಆ ನಗು ನಿದ್ದೆ ಕೊಡುತ್ತಿರಲಿಲ್ಲ. ಮೇಡಂ ಬೆರಳಿನ ತಟ್ಟೆಯನ್ನು ಕೆಳಗಿಟ್ಟು, ಅದು ಯಾರ ಬೆರಳೆಂದು ಕೇಳಿ, ಉತ್ತರ ಕೇಳಿ, ಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದರು. ಆಮೇಲೆ ದನಿ ತಗ್ಗಿಸಿದರು.

“ಇದು ನಿಂದೇ ಇರಬಹುದು. ನಮ್ಮ ಮೂಗಲ್ಲೂ ಇರುತ್ತಲ್ಲ ಇದು. ಮೂಗು ಉಜ್ಜಿಕೊಂಡು ಮಾದರಿ ತೆಗೆಯೋ ಹತ್ತಿಕಡ್ಡಿ ಹಿಡಿದಿರ್ತೀಯ. ಮಾದರಿ ಕೆಟ್ಟಿದೆ ಅಂತ ಹೇಳಿಬಿಡು, ಇನ್ನೊಂದು ಸಲ ತಂದರಾಯ್ತು. ಯಾರೂ ಆಶ್ಚರ್ಯಪಡಲ್ಲ.”

ಅದು ಕರುಣೆ ಎಂದು ಅವಳಿಗೆ ಗೊತ್ತಾಯಿತು. ಬೂಷ್ಟಮ್ಮ ಎಂಬ ಹೆಸರು ಮೊದಲ ಸಲ ಹೊದಿಕೆಯಂತೆ ಬೆಚ್ಚಗೆನಿಸಿತು. ಇನ್ನೊಮ್ಮೆ ಪೆದ್ದಿಯಾದರೆ ಸಾಕು, ಏನೂ ಹೇಳಬೇಕಾಗಿಲ್ಲ. ಆದರೆ ಇಂದು ಸಂಜೆಯೇ ಹೊಸಬಳನ್ನು ಒಯ್ಯಲು ಗಾಡಿ ಬರುವುದಿತ್ತು. ಚೊಚ್ಚಲ ಕರು ಹಾಕಿ ಕೊಟ್ಟಿಗೆಗೆ ಬಂದವಳು, ಅವಳು ಬಂದ ಮೇಲೇ ಡೈರಿಯವರು ಹಾಲು ವಾಪಸು ಕಳಿಸಲು ಶುರುಮಾಡಿದ್ದು, ಅವಳ ಕೆಚ್ಚಲೇ ಎಲ್ಲರ ಕಣ್ಣೆದುರು ಊದಿ ಕೆಂಪಾದದ್ದು. ಎಳೆಯ ಹಸು, ಕೆಚ್ಚಲು ಕೆಟ್ಟಿದೆ ಎಂದು ಮಾರಿದರೆ ಹಾಲಿಗಾಗಿ ಯಾರೂ ಕೊಳ್ಳುವುದಿಲ್ಲ. ಗಾಡಿ ಎಲ್ಲಿಗೆ ಹೋಗುತ್ತದೆಂದು ಕೊಟ್ಟಿಗೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೊಸಬಳು ಹೋದ ಮೇಲೂ ಹಾಲು ಒಡೆಯುತ್ತಲೇ ಇರುತ್ತದೆ. ಆಗ ಇನ್ನೊಬ್ಬಳು ಹೋಗುತ್ತಾಳೆ. ಹುಡುಗಿ ಇನ್ನೊಂದು ತಟ್ಟೆಯನ್ನು ಎಳೆದುಕೊಂಡಳು. ಕೊಟ್ಟಿಗೆಯಲ್ಲೇ ಕಡ್ಡಿಯೊಂದನ್ನು ಬಿಚ್ಚಿ, ಗಾಳಿಗೆ ಹಿಡಿದು, ಯಾವುದಕ್ಕೂ ತಾಗಿಸದೆ, ಮಿಕ್ಕವುಗಳಂತೆಯೇ ಅದೇ ಕೈಯಿಂದ ಉಜ್ಜಿದ್ದ ತಟ್ಟೆ ಅದು. ಕೆಂಪಗೆ ನುಣ್ಣಗೆ ಇತ್ತು. ಒಂದು ಚುಕ್ಕಿಯೂ ಇರಲಿಲ್ಲ. ಅವಳ ಕೈ ಶುದ್ಧವಾಗಿತ್ತು. ಜೀವನದಲ್ಲಿ ಒಮ್ಮೆ ಶುದ್ಧವಾಗಿತ್ತು, ಅದೂ ಇವತ್ತು. ಖಾಲಿ ತಟ್ಟೆಯೊಂದು ಇಷ್ಟು ದಿಟ್ಟಿಸಿ ನೋಡಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಮೇಡಂ ಕಡೆ ಸರಿಸಿದಳು. ಅವರು ನೋಡಿ, ಕನ್ನಡಕ ಇಳಿಸಿ, ಹಾಗಾದರೆ ಕೊನೆಯ ಪರೀಕ್ಷೆಯನ್ನೂ ಮುಗಿಸಿಬಿಡು ಎಂದಷ್ಟೇ ಹೇಳಿದರು.

ಕೊನೆಯ ಪರೀಕ್ಷೆ ಎಂದರೆ ಗಾಜಿನ ಕೊಳವೆಗಳಲ್ಲಿ ಮೊಲದ ರಕ್ತದ ತಿಳಿಗೆ ಒಂದೊಂದು ಚುಕ್ಕಿಯನ್ನು ಕದಡಿ ಕಾಯುವುದು; ಆರಿಯಸ್ ಆಗಿದ್ದರೆ ತಿಳಿ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನದವರೆಗೆ ಅವಳು ಬೇರೆ ಕೆಲಸ ಮಾಡಿದಳು. ಬಾಟಲಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಮಾದರಿ ತೆಗೆದ ದಿನ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ತಮಾಷೆ ಮಾಡಿದ್ದಳು: ಹಸುವಿಗಾಯಿತು, ಬಟ್ಟೆಗಾಯಿತು, ಬಕೆಟ್ಟಿಗಾಯಿತು, ನನ್ನನ್ನೊಬ್ಬಳನ್ನು ಬಿಟ್ಟರೆ ಬೇಜಾರಾಗಲ್ವಾ ಎಂದು ಎರಡೂ ಕೈ ಚಾಚಿದ್ದಳು. ಹುಡುಗಿ ಹೆಬ್ಬೆರಳನ್ನು ಹಿಡಿದು ಬಿರುಕಿನಲ್ಲಿ ಕಡ್ಡಿ ಆಡಿಸಿದಾಗ ಕಚಗುಳಿ ಎಂದು ನಕ್ಕಿದ್ದಳು. ನಗು ಮುಗಿದ ಮೇಲೆ, ಕೈ ಹಿಂದಕ್ಕೆ ತೆಗೆಯದೆ, ಬೇರೆ ದನಿಯಲ್ಲಿ ಹೇಳಿದ್ದಳು: “ಯಾರದ್ದೇ ಆಗಿರಲಿ, ಇಲ್ಲೇ ನಿಂತು ನನ್ನೆದುರಿಗೆ ಹೇಳಬೇಕು. ಮನೇಲಿ ಅಲ್ಲ, ಬೆನ್ನ ಹಿಂದೆ ಅಲ್ಲ. ಪೂರ್ತಿ ಹೇಳಬೇಕು. ಆಯ್ತಾ?” ಆಗ ದೊಡ್ಡಮ್ಮನ ಮನಸ್ಸಿನಲ್ಲಿದ್ದದ್ದು ಹೊಸಬಳೇ. ಅದಾದ ಮೇಲೆ ಒಂದೇ ಸೂರಿನಡಿ ಎದುರುಬದುರು ಉಂಡರೂ ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಬೆಳಗ್ಗೆಯೂ ಅನ್ನ ಬಡಿಸಿ, ಇನ್ನಷ್ಟು ಹಾಕ್ಕೋ, ಕಡ್ಡಿ ಹಿಡಿದು ಕಡ್ಡಿಯೇ ಆಗಿಬಿಟ್ಟಿದೀಯ ಎಂದಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿ ದೊಡ್ಡಮ್ಮನ ಚುಕ್ಕಿಯ ಕೊಳವೆಯನ್ನು ಓರೆ ಮಾಡಿದಳು. ತಿಳಿ ಜಾರಲಿಲ್ಲ. ತಲೆಕೆಳಗು ಮಾಡಿದಳು. ಮೊಸರಿನ ಗಡ್ಡೆಯಂತೆ ಗಟ್ಟಿಯಾಗಿ ಅಲ್ಲೇ ನಿಂತಿತ್ತು.

ಬಸ್ಸಿನಲ್ಲಿ ಅವಳು ಮಾತುಗಳನ್ನು ಜೋಡಿಸಿದಳು, ಕೆಡವಿದಳು. ಕೈಚೀಲದಲ್ಲಿ ಮೇಡಂ ತಾವಾಗಿಯೇ ಕೊಟ್ಟ ರಬ್ಬರ್ ಗವಸಿನ ಡಬ್ಬಿಯೂ ಮೊಲೆ ಅದ್ದುವ ಔಷಧದ ಸೀಸೆಯೂ ಇದ್ದವು. ಡಬ್ಬಿಯ ಮೂಲೆ ತೊಡೆಗೆ ಒತ್ತುತ್ತಿತ್ತು. ಕಿಟಕಿಯಾಚೆ ಗೋಡೌನುಗಳು, ಸೈಕಲ್ ರಿಪೇರಿ ಅಂಗಡಿ, ಒಣಗಲು ಹಾಕಿದ ಬಟ್ಟೆಗಳು ಹಿಂದಕ್ಕೆ ಓಡಿದವು. ಈ ಕೈಯಲ್ಲೇ ನಿನ್ನನ್ನು ಸಾಕಿದ್ದು ಎಂದುಬಿಟ್ಟರೆ? ಅನ್ನುವವಳಲ್ಲ. ಅನ್ನದೆ ಸುಮ್ಮನಾಗಿಬಿಟ್ಟರೆ? ಇನ್ನು ಮೇಲೆ ಬಡಿಸುವಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಡಿಸಿದರೆ? ನಿಲ್ದಾಣ ದಾಟಿ ಹೋಯಿತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆಯಬೇಕಾಯಿತು. ಕಂಡಕ್ಟರ್ ಹಿಂದಿನಿಂದ, ನಿದ್ದೆಯಾ ಅಮ್ಮ, ಎಂದು ಕೇಳಿದ್ದಕ್ಕೆ ಹೌದು ಎಂದು ತಲೆಯಾಡಿಸಿದಳು.

ಗಾಡಿ ಆಗಲೇ ಬಂದು ನಿಂತಿತ್ತು. ಹಿಂಬಾಗಿಲು ಇಳಿಸಿ ಹಲಗೆ ಹಾಸಿದ್ದರು. ಚಾಲಕ ಟೈರಿಗೆ ಒರಗಿ ಹಲ್ಲಿನ ಸಂದಿಯಲ್ಲಿ ಹುಲ್ಲುಕಡ್ಡಿ ಆಡಿಸುತ್ತಿದ್ದ. ಹೊಸಬಳ ಬಿಚ್ಚಿದ ಹಗ್ಗ ಮಾಲೀಕನ ಕೈಯಲ್ಲಿತ್ತು. ಅವಳು ಹಲಗೆಯನ್ನು ಮೂಸಿ ಹಿಂದಕ್ಕೆ ಸರಿಯುತ್ತಿದ್ದಳು. ಆಚೆ ದೊಡ್ಡಮ್ಮ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದಳು. ಹುಡುಗಿ ಓಡಿಬಂದ ಏದುಸಿರಿನಲ್ಲೇ, ಇವಳಲ್ಲ, ಇವಳನ್ನು ಕಳಿಸಬೇಡಿ ಎಂದಳು. ಹೊಸಬಳಿಗೆ ಬಂದದ್ದು ಬೇರೆ, ಒದ್ದೆ ಹುಲ್ಲಿನದು, ಊತ ಇಳಿದೂ ಆಯಿತು, ಅದು ಇನ್ನೊಬ್ಬರಿಗೆ ಹಬ್ಬಿದ್ದಲ್ಲ, ಮಲಗುವ ಜಾಗ ಒಣಗಿಸಿದರೆ ಮತ್ತೆ ಬರುವುದಿಲ್ಲ. ಮಾಲೀಕ ಕೆಟ್ಟವನಲ್ಲ, ದಿನಾ ಡೈರಿಯವರ ಮುಂದೆ ತಲೆ ತಗ್ಗಿಸಿ ಸೋತವನು. ಹಾಗಾದರೆ ಉಳಿದವರಿಗೆ ಎಲ್ಲಿಂದ ಬಂತು ಎಂದು ಕೇಳಿದ. ಯಜಮಾನಿಯಲ್ಲಿದೆ, ಹಳೆಯದು, ಅಲ್ಲಿಂದ ಹೋಗಿದೆ ಎಂದಳು. ಹೇಗೆ ಹೋಯಿತು ಎಂದ. ಎಲ್ಲರೂ ಅವಳನ್ನು ನೋಡುತ್ತಿದ್ದರು, ದೊಡ್ಡಮ್ಮನೂ ನಲ್ಲಿ ನಿಲ್ಲಿಸಿ ನೋಡುತ್ತಿದ್ದಳು. ನಾಲಿಗೆ ತಾನಾಗಿ ಹಗುರವಾದ ಕಡೆಗೆ ಹೊರಳಿತು.

“ಬಟ್ಟೆಯಿಂದ,” ಎಂದಳು. “ಒಂದೇ ಬಟ್ಟೇಲಿ ಎಲ್ಲರನ್ನೂ ಒರೆಸ್ತೀವಲ್ಲ, ಅದರಿಂದ.”

ಸುಳ್ಳಲ್ಲ. ಮಾಲೀಕನ ಮುಖ ಅರಳಿತು. ಇಷ್ಟೇನಾ ಎಂದ. ಹಳೆ ಬೆಡ್‌ಶೀಟು ಬೇಕಾದಷ್ಟಿದೆ, ಹಸುವಿಗೊಂದು ತುಂಡು ಮಾಡಿದರಾಯಿತು. ಗಾಡಿಯವನಿಗೆ ಕೈಮುಗಿದ, ಅವನು ನಾಲ್ಕು ಮಾತು ಗೊಣಗಿ, ಹಲಗೆ ಎತ್ತಿಕೊಂಡು, ಖಾಲಿ ಗಾಡಿಯನ್ನು ತಿರುಗಿಸಿಕೊಂಡು ಹೋದ. ಹೊಸಬಳು ತನ್ನ ಜಾಗಕ್ಕೆ ಹೋಗಿ ಏನೂ ಆಗದವಳಂತೆ ಹುಲ್ಲಿಗೆ ಬಾಯಿ ಹಾಕಿದಳು. ಎಲ್ಲ ಎಷ್ಟು ಚೆನ್ನಾಗಿ ಮುಗಿದಿತ್ತು. ದೊಡ್ಡಮ್ಮ ಕೂಡ ಹೊಸಬಳ ಬೆನ್ನು ತಟ್ಟಿ, ತಪ್ಪು ತಿಳ್ಕೊಂಡೆ ಕಣೆ, ಸಿಟ್ಟು ಮಾಡ್ಕೋಬೇಡ ಎಂದಳು. ಹೊಸ ಬಟ್ಟೆಯ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು, ಸ್ಟೂಲು ಹಿಡಿದು, ಎಂದಿನಂತೆ ಸಾಲಿನ ತುದಿಗೆ ನಡೆದಳು. ಯಜಮಾನಿ ಆಗಲೇ ಕಾಲು ಅಗಲಿಸಿ ನಿಂತಿದ್ದಳು. ದೊಡ್ಡಮ್ಮ ಕೂತಳು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿದಳು, ಹಿಂದಿನ ಎಡ ಮೊಲೆಗೆ ಕೈ ಹಾಕಿ ಹೆಬ್ಬೆರಳನ್ನು ಮಡಚಿದಳು.

ಈಗಲ್ಲದಿದ್ದರೆ ನಾಳೆ, ನಾಳೆ ಅಲ್ಲದಿದ್ದರೆ ಮನೆಯಲ್ಲಿ, ಮೆಲ್ಲಗೆ, ಬೇರೆ ಯಾರೂ ಇಲ್ಲದಾಗ: ಅವಳ ತಲೆಯೊಳಗೆ ಯಾರೋ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು. ಹಾಲಿನ ಮೊದಲ ಎಳೆ ಬರುವ ಮೊದಲು ಅವಳು ಹೋಗಿ ದೊಡ್ಡಮ್ಮನ ಮಣಿಕಟ್ಟು ಹಿಡಿದುಕೊಂಡಳು. ಬಸ್ಸಿನಲ್ಲಿ ಜೋಡಿಸಿದ ಒಂದು ಮಾತೂ ಬಾಯಿಗೆ ಬರಲಿಲ್ಲ.

“ದೊಡ್ಡಮ್ಮ, ಬಟ್ಟೆ ಮಾತ್ರ ಅಲ್ಲ. ಕೈ. ನಿನ್ನ ಕೈಲೂ ಬಂದಿದೆ.”

ಮಾಲೀಕ ಹಿಂದಿನಿಂದ, ಏನು ಮಾತು ಅಂತ ಆಡ್ತೀಯ ಹುಡುಗಿ ಎಂದು ಶುರುಮಾಡಿದ. ದೊಡ್ಡಮ್ಮ ತಲೆಯೆತ್ತದೆಯೇ, “ಸುಮ್ನಿರಪ್ಪ. ಹೇಳು ಅಂದಿದ್ದು ನಾನೇ,” ಎಂದಳು. ತನ್ನ ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡಳು. ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದು, ಬೇರೆಯವರ ಬೆರಳನ್ನು ನೋಡುವಂತೆ, ಬಹಳ ಹೊತ್ತು ನೋಡಿದಳು. ಅವಳ ಕಿವಿಯ ಹಿಂದೆ ಒಂದು ನರ ಮಿಡಿಯುತ್ತಿತ್ತು.

“ಈ ಬಿರುಕಾ?”

“ಹೂಂ.”

“ಅವಳಿಂದ ನನಗೆ ಬಂತಾ, ನನ್ನಿಂದ ಅವಳಿಗೆ ಹೋಯ್ತಾ?”

“ಅದು ಗೊತ್ತಾಗಲ್ಲ. ಮೊದಲು ಯಾರಲ್ಲಿತ್ತು ಅಂತ ತಟ್ಟೆ ಹೇಳಲ್ಲ.”

“ಅದನ್ನ ಹೇಳದೆ ಇದ್ದರೆ ಎಂಥಾ ತಟ್ಟೆ ಅದು,” ಎಂದಳು ದೊಡ್ಡಮ್ಮ. ಎದ್ದು ನಲ್ಲಿಗೆ ಹೋದಳು. ಸೋಪು ಹಚ್ಚಿ ತೊಳೆದಳು, ಮತ್ತೆ ಹಚ್ಚಿದಳು; ಬೆನ್ನು ಈ ಕಡೆ ಮಾಡಿ, ನೊರೆ ಹೋದ ಮೇಲೂ ಬಹಳ ಹೊತ್ತು ಉಜ್ಜುತ್ತಲೇ ಇದ್ದಳು. ನೀರಿನ ಸದ್ದಿನಲ್ಲಿ ಬೇರೆ ಸದ್ದಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ನಿಲ್ಲಲಿಲ್ಲ. ನಿಲ್ಲಬಾರದು ಎಂದು ಹೇಗೋ ಗೊತ್ತಾಯಿತು. ಡಬ್ಬಿಯ ಮುಚ್ಚಳ ಬಿಚ್ಚಿ ಕಾದಳು. ದೊಡ್ಡಮ್ಮ ತಿರುಗಿದಾಗ ಕಣ್ಣು ಕೆಂಪಗಿತ್ತು, ಬಾಯಿ ಮಾತ್ರ ಎಂದಿನದೇ. ಗವಸನ್ನು ತೊಟ್ಟು ಬೆರಳು ಆಡಿಸಿ ನೋಡಿ, ಕಾಲುಚೀಲ ಹಾಕ್ಕೊಂಡು ಸ್ನಾನಕ್ಕಿಳಿದ ಹಾಗಿದೆ ಎಂದಳು. ಮಾಲೀಕ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ಮುಂದೇನು ಎಂದು ದೊಡ್ಡಮ್ಮನೇ ಕೇಳಿದಳು. ಅವಳು ಒಂದೊಂದಾಗಿ ಹೇಳಿದಳು: ಹೆಬ್ಬೆರಳು ಮಡಚಬಾರದು, ಮುಷ್ಟಿಯಲ್ಲಿ ಹಿಂಡಬೇಕು, ಕರೆದ ಮೇಲೆ ಪ್ರತಿ ಮೊಲೆಯನ್ನೂ ಔಷಧದಲ್ಲಿ ಅದ್ದಬೇಕು, ಬಿರುಕಿಗೆ ಮುಲಾಮು ಹಚ್ಚಿ ಮಾಯಿಸಬೇಕು, ಯಜಮಾನಿಯ ಹಾಲು ಬೇರೆ ಪಾತ್ರೆಗೆ, ಇನ್ನೊಂದಷ್ಟು ದಿನ ಬಿಟ್ಟು ಅವಳ ಹಾಲು ನಿಲ್ಲಿಸಿ ಕೆಚ್ಚಲಿಗೆ ಔಷಧ ತುಂಬಿ ಬಿಡಬೇಕು, ವಾಸಿಯಾದರೂ ಆಗಬಹುದು. ಮತ್ತೆ, ಎಂದು ತಡೆದಳು. ಈ ಕಾಯಿಲೆ ಇಲ್ಲದವರನ್ನು ಮೊದಲು ಕರೆಯಬೇಕು. ಇರುವವರನ್ನು ಆಮೇಲೆ. ಯಜಮಾನಿಯನ್ನು ಎಲ್ಲರಿಗಿಂತ ಕೊನೆಗೆ.

ಇದಕ್ಕೇ ದೊಡ್ಡಮ್ಮ ಒಪ್ಪುವುದಿಲ್ಲ ಎಂದು ಅವಳು ಎಣಿಸಿದ್ದಳು. ದೊಡ್ಡಮ್ಮ ಯಜಮಾನಿಯ ಗಂಗೆದೊಗಲನ್ನು ನೀವುತ್ತ ಸ್ವಲ್ಪ ಯೋಚಿಸಿ, ಮನೆ ನಡೆಸೋಳು ಕಡೇಲಿ ತಾನೆ ಉಣ್ಣೋದು, ಇವಳಿಗೂ ಅಷ್ಟು ತಿಳಿಯುತ್ತೆ ಬಿಡು ಎಂದಳು. ಸ್ಟೂಲು ಹೊಸಬಳ ಹತ್ತಿರ ಹೋಯಿತು. ಮುಷ್ಟಿಯ ಹಿಂಡಿಕೆ ದೊಡ್ಡಮ್ಮನಿಗೆ ಹೊಸದು. ಹಾಲು ಮೊದಲು ಅಂಗೈಗೆ, ಮೊಣಕೈಗೆ, ಸೀರೆಗೆ ಹಾರಿತು, ಕಲಿಯುವವಳ ಹಾಗೆ ಹಲ್ಲು ಕಚ್ಚಿ ಹಿಂಡಿದಳು. ಯಜಮಾನಿಗೆ ಏನೂ ತಿಳಿಯಲಿಲ್ಲ. ಅಂಬಾ ಎಂದು ಕೊಟ್ಟಿಗೆ ನಡುಗುವಂತೆ ಕೂಗಿದಳು, ಗೂಟ ಎಳೆದಳು, ತನ್ನ ಮಗಳ ಮೊಮ್ಮಗಳ ಕೆಳಗೆಲ್ಲ ಸ್ಟೂಲು ಹೋಗುವುದನ್ನು ಕತ್ತು ಹೊರಳಿಸಿ ನೋಡಿದಳು. ಬಂದೆ ಕಣೆ, ಬಂದೆ, ಎಂದು ದೊಡ್ಡಮ್ಮ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಹಿಂದೆ ಹಿಂದೆ ಅವಳು ಔಷಧದ ಬಟ್ಟಲು ಹಿಡಿದು ಒಂದೊಂದು ಮೊಲೆಯನ್ನೂ ಅದ್ದಿದಳು. ಕಂದು ಹನಿಗಳು ತೊಟ್ಟಿಕ್ಕಿದವು. ಒಂದನ್ನೂ ಬಿಡಲಿಲ್ಲ, ಒಮ್ಮೆಯೂ ಕಿಟಕಿಯಾಚೆ ನೋಡಲಿಲ್ಲ.

ಕೊನೆಗೆ ಯಜಮಾನಿ. ಬೇರೆ ಪಾತ್ರೆ, ಬೇರೆ ಬಟ್ಟೆ, ಬೇರೆ ಗವಸು. ದೊಡ್ಡಮ್ಮ ಪಕ್ಕೆಗೆ ಹಣೆಯಿಟ್ಟು ಕೂತೊಡನೆ ಹಸು ಸುಮ್ಮನಾಯಿತು. ಎಡ ಮೊಲೆಯಿಂದ ಎಳೆ ಎಳೆಯಾಗಿ ಬಂದದ್ದು ಪಾತ್ರೆಯ ತಳಕ್ಕೆ ಬಿದ್ದಿತು. ಮಾಲೀಕ ಕ್ಯಾನು ಹೊತ್ತು ಹೊರಗೆ ಹೋಗಿದ್ದ. ಆಗ ದೊಡ್ಡಮ್ಮ, ಹಸುವಿನ ಹೊಟ್ಟೆಗೆ ಹೇಳುವವಳಂತೆ, ಮುಖ ತಿರುಗಿಸದೆ ಕೇಳಿದಳು.

“ಹೋದ ವರ್ಷ ಕಂದಿ ಅಂತ ಒಂದು ಹಸು ಇತ್ತಲ್ಲ. ಕೆಚ್ಚಲು ಕಲ್ಲಾಗಿ, ಗಾಡಿಗೆ ಕೊಟ್ಟುಬಿಟ್ವಲ್ಲ. ಅದೂ ನನ್ನಿಂದಾನಾ?”

ಕಂದಿ ಆ ಸಾಲಿನಲ್ಲಿ ಯಜಮಾನಿಯ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವಳ ಹಾಲನ್ನು ಯಾರೂ ಪರೀಕ್ಷಿಸಿರಲಿಲ್ಲ. ಗೊತ್ತಿಲ್ಲ ಎಂದರೆ ಅದೂ ನಿಜವೇ; ಆ ಮಾತು ನಾಲಿಗೆಯ ತುದಿಯಲ್ಲಿ, ಹೊರಡಲು ಸಿದ್ಧವಾಗಿ ನಿಂತಿತ್ತು. ಪೂರ್ತಿ ಹೇಳಬೇಕು ಎಂದು ಕೇಳಿದವಳು ಕತ್ತು ಬಗ್ಗಿಸಿ ಕಾಯುತ್ತಿದ್ದಳು. ಕುತ್ತಿಗೆಯ ಹಿಂದೆ ಬಿಳಿ ಕೂದಲು ಬೆವರಿಗೆ ಅಂಟಿಕೊಂಡಿದ್ದವು.

“ಇರಬಹುದು ದೊಡ್ಡಮ್ಮ. ಇದ್ದೀತು ಅಂತಲೇ ಅನ್ಸುತ್ತೆ.”

ಹಿಂಡುವ ಸದ್ದು ನಿಂತಿತು. ಯಜಮಾನಿ ಬಾಲ ಬೀಸಿದಳು. ಮತ್ತೆ ಸದ್ದು ಶುರುವಾಯಿತು, ನಿಧಾನವಾಗಿ, ಮುಷ್ಟಿಯ ಹೊಸ ಲಯದಲ್ಲಿ, ಮೊಲೆ ಖಾಲಿಯಾಗುವವರೆಗೂ. ದೊಡ್ಡಮ್ಮ ಪಾತ್ರೆಯನ್ನು ಪಕ್ಕಕ್ಕಿಟ್ಟು ಗವಸು ಕಳಚಿದಳು. ನಾಲ್ಕೂ ಮೊಲೆಗಳನ್ನು ಅದ್ದಿ ಮುಗಿಸಿ ನಿಂತಿದ್ದ ಅವಳ ಕಡೆಗೆ ತೊಳೆದು ಬಿಳಿಚಿದ ಬಲಗೈಯನ್ನು ಚಾಚಿದಳು.

“ಎಬ್ಬಿಸು. ಮಂಡಿ ಹಿಡ್ಕೊಂಡಿದೆ,” ಎಂದಳು. “ನಾಳೆ ಬೆಳಗ್ಗೆ ನೀನೂ ಬಾ. ಅಭ್ಯಾಸದ ಮೇಲೆ ಮೊದಲು ಇವಳ ಹತ್ರಾನೇ ಬಂದು ಕೂತುಬಿಟ್ಟೇನು. ಕೂತರೆ ಇವತ್ತಿನ ಹಾಗೇ ಕೈ ಹಿಡಿ.”